ಸೋದರತ್ತೆಯ ಬಾಗಿಲು

ಕಮಲಾಪುರದ ನನ್ನ ಸೋದರತ್ತೆಗೆ ಮಾತುಮಾತಿಗೂ "ಬರೋರು ಬರ್ಲಿ ಬಿಡು" ಅನ್ನುವ ರೂಢಿಯಿತ್ತು. ನೆಂಟರ ಬಗ್ಗೆಯೂ ಅದೇ ಮಾತು, ನೆರೆಮನೆಯ ಬೆಕ್ಕಿನ ಬಗ್ಗೆಯೂ ಅದೇ. ಹೇಳುವಾಗ ನೊಣ ಓಡಿಸಿದ ಹಾಗೆ ಕೈ ಬೀಸುತ್ತಿದ್ದಳು.

ಆ ಚಳಿಗಾಲ ಆಕೆಗೆ ಹಿಡಿದ ಕೆಮ್ಮು ಬಿಡಲೇ ಇಲ್ಲ. ಮನೆ ಬೆಚ್ಚಗಿರಲಿ ಎಂದರು ಡಾಕ್ಟರು. ಭಾನುವಾರಗಳಂದು ಕಲಬುರಗಿಯಿಂದ ಬಸ್ಸು ಹಿಡಿದು ಹೋಗಿ ನಾನು ಕಿಟಕಿಯ ಸಂದುಗಳಿಗೆ ಬಟ್ಟೆ ತುರುಕಿದೆ, ತಣ್ಣನೆಯ ಪರಸಿ ಕಲ್ಲಿನ ನೆಲಕ್ಕೆ ಕೌದಿ ಹಾಸಿದೆ. ಎಲ್ಲಕ್ಕೂ ಒಪ್ಪಿದಳು. ಆದರೆ ದೀಪ ಹಚ್ಚುವ ಹೊತ್ತಾಯಿತೆಂದರೆ ಎದ್ದು ಹೋಗಿ ಎರಡೂ ಕದ ತೆರೆದಿಡುವಳು. ನಾನು ಬಾಗಿಲು ಹಾಕಿ ದಿನವಿಡೀ ಕಾಪಾಡಿದ ಬಿಸಿಯೆಲ್ಲ ಬೀದಿಪಾಲು.

"ಅತ್ತಿ, ಥಂಡಿ ಒಳಗ ಬರ್ಲಾಕತ್ತದ."

"ಲಕ್ಷ್ಮಿ ಬರೋ ಹೊತ್ತಿನ್ಯಾಗ ಬಾಗಿಲಾ ಹಾಕ್ತಾರೇನು, ತಮ್ಮಾ? ಬರೋರು ಬರ್ಲಿ ಬಿಡು."

ಬಾಗಿಲಿಗೆ ದಪ್ಪ ಪರದೆ ಕಟ್ಟಿದೆ. ಅದನ್ನೂ ಎತ್ತಿ ಮೊಳೆಗೆ ಸಿಕ್ಕಿಸಿದಳು. ನನಗೆ ಸಿಟ್ಟು ಬಂದು, "ಆ ಲಕ್ಷ್ಮಿಗಿ ಥಂಡಿ ಹತ್ತಂಗಿಲ್ಲೇನು?" ಅಂದುಬಿಟ್ಟೆ. ಆಕೆ ಬಾಗಿಲ ಕಡೆಗೇ ನೋಡುತ್ತ ಕುಳಿತಳು.

ಮುಂದಿನ ಭಾನುವಾರ ನಾನು ಹೋದಾಗ ಅಂಗಳದಲ್ಲಿ ಇನ್ನೂ ಬಿಸಿಲಿತ್ತು, ಬಾಗಿಲು ಮುಚ್ಚಿತ್ತು. ನಾನು ಬರುವಾಗ ಆ ಬಾಗಿಲು ಮುಚ್ಚಿದ್ದನ್ನು ಯಾವತ್ತೂ ಕಂಡಿರಲಿಲ್ಲ. ಗಾಬರಿಯಿಂದ ಬಡಿದೆ. ಅತ್ತೆ ಕದ ತೆರೆದಳು. ಒಳಗೆ ದೇವರ ಮುಂದೆ ದೀಪ ಆಗಲೇ ಉರಿಯುತ್ತಿತ್ತು.

"ಜಲ್ದಿ ಒಳಗ ಬಾ, ಬಾಗಿಲಾ ಹಾಕು," ಅಂದಳು. "ಬಿಸಿಲಿದ್ದಾಗೇ ಬಂದುಬಿಡವ್ವ ಅಂತ ಹೇಳೀನಿ ಆಕಿಗಿ. ಬಂದಾಳ, ಬೆಚ್ಚಗ ಕೂತಾಳ."