ಬಲೆಯಲ್ಲಿ ಇಳಿದ ಅಜ್ಜಿ

ಆಗ ನನಗೆ ಹನ್ನೆರಡು ವರ್ಷ. ಅದಾಗಿ ಐವತ್ತು ವರ್ಷ ದಾಟಿತು. ಒದ್ದೆಯಾದ ನಾರಿನ ಹಗ್ಗದ ವಾಸನೆ ಬಂದರೆ ಸಾಕು, ಮಸ್ಕತ್ತಿನ ಮತ್ರಾ ಬಂದರಿನ ನಮ್ಮ ಮನೆ ಕಣ್ಣೆದುರು ನಿಲ್ಲುತ್ತದೆ. ಕೆಳಗೆ ಬಾಪನ ಹಗ್ಗದ ಅಂಗಡಿ, ಮೇಲೆ ಬಾಪ, ಬಾಪನ ತಾಯಿ ಅಜ್ಜಿ, ನಾನು. ಉಮ್ಮ ನನ್ನನ್ನು ಹೆತ್ತು ತೀರಿಹೋದವಳು. ಕಿಟಕಿ ತೆರೆದರೆ ಸಮುದ್ರ, ಗುಡ್ಡದ ಮೇಲೆ ಕೋಟೆ. ಅದನ್ನು ಕಟ್ಟಿದವರು ಪೋರ್ಚುಗೀಸ್ ಪರಂಗಿಗಳು, ಅವರನ್ನು ಓಡಿಸಿದವರು ಇಲ್ಲಿಯವರು. ಆಮೇಲೆ ಇದೇ ನೀರಿನ ಮೇಲೆ ಆಫ್ರಿಕಾದ ಲವಂಗ ಬಂತು, ನಮ್ಮ ಮಂಗಳೂರಿನ ಹೆಂಚು, ಅಕ್ಕಿ ಬಂತು. ಇದೆಲ್ಲ ಶಾಲೆಯಲ್ಲಿ ಕಲಿತದ್ದಲ್ಲ, ಹಗ್ಗ ಕೊಳ್ಳಲು ಬಂದ, ಹಡಗು ನಡೆಸುವ ತಂಡೇಲರ ಬಾಯಿಂದ ಕೇಳಿದ್ದು.

ಇಷ್ಟು ಹಳೆಯ ಬಂದರಿಗೆ ದೊಡ್ಡ ಹಡಗು ತಾಗಿ ನಿಲ್ಲುವ ಧಕ್ಕೆಯೇ ಇರಲಿಲ್ಲ. ಹಡಗು ದೂರದಲ್ಲಿ ನಿಂತರೆ ಜನ ಹಗ್ಗದ ಏಣಿಯಲ್ಲಿ ದೋಣಿಗೆ ಇಳಿಯಬೇಕು. ನನ್ನನ್ನು ಸಾಕಲು ಊರಿಂದ ಬಂದ ಅಜ್ಜಿಗೆ ಏಣಿ ನೋಡಿ ಕಾಲು ನಡುಗಿತಂತೆ. ಖಲಾಸಿಗಳು ಅವರನ್ನು ಅಕ್ಕಿಮೂಟೆ ಇಳಿಸುವ ಬಲೆಯಲ್ಲಿ ಕೂರಿಸಿ ಇಳಿಸಿದರು. ದೋಣಿಯವರೆಲ್ಲ ನಕ್ಕರು. ಬಜಾರಿನಲ್ಲಿ ‘ಮೂಟೆ ಅಜ್ಜಿ’ ಎಂದೇ ಹೆಸರು ಬಿತ್ತು. ಊರಿನ ಪಳ್ಳಿಯ, ಅಂದರೆ ಮಸೀದಿಯ, ಹಿತ್ತಲಲ್ಲಿ ಅಜ್ಜನ ಪಕ್ಕ ಮಣ್ಣಾಗಬೇಕೆಂಬುದು ಅವರ ಒಂದೇ ಆಸೆ. ಆದರೆ ಮೂಟೆಯ ಹಾಗೆ ಇನ್ನೊಮ್ಮೆ ನೇತಾಡುವುದಿಲ್ಲ, ನಡೆದು ಹತ್ತುವುದಾದರೆ ಮಾತ್ರ ಹಡಗು ಎಂದು ಹಠ ಹಿಡಿದರು.

ಧಕ್ಕೆ ಕಟ್ಟಲು ಸಮುದ್ರಕ್ಕೆ ಕಲ್ಲು ಸುರಿಯತೊಡಗಿದಾಗ ಅಜ್ಜಿ ಕಿಟಕಿ ಬಿಟ್ಟು ಏಳಲಿಲ್ಲ.

“ಉಮ್ಮಾ, ಕಲ್ಲು ನೋಡಿ ನೋಡಿಯೇ ಮುದುಕಿ ಆದಿ ನೀನು,” ಎಂದು ಬಾಪ ಕೆಣಕುತ್ತಿದ್ದರು.

“ಆದ್ರೆ ಆಯ್ತು ಮಾರಾಯ. ನಿನ್ನ ಹಗ್ಗಕ್ಕಿಂತ ನನ್ನ ಕಾಲು ಗಟ್ಟಿ ಉಂಟು.”

ಕೊನೆಗೂ, ನನ್ನ ಹನ್ನೆರಡನೇ ವರ್ಷದಲ್ಲಿ, ಮುಂಬೈಯ ಹಡಗು ಧಕ್ಕೆಗೆ ತಾಗಿ ನಿಂತಿತು. ಅಂದು ಬಲೆಯ ಕೆಳಗೆ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ದೋಣಿಯ ಸಾಲಿಂ ಈಗ ತಾನೂ ಮುದುಕನಾಗಿ ನೋಡಲು ಬಂದಿದ್ದ.

“ಬಲೆ ತರ್ಲಾ ಅಜ್ಜಿ?” ಎಂದು ಹಿಂದಿಯಲ್ಲಿ ಕೇಳಿದ.

“ತಾ. ನೀನು ಕೂರು, ನಾನು ಎಳೀತೇನೆ.”

ಧಕ್ಕೆಯಿಡೀ ನಕ್ಕಿತು, ಈ ಸಲ ಅಜ್ಜಿಯ ಪರವಾಗಿ. ಬಾಪ ಚಾಚಿದ ಕೈಯನ್ನು ತಳ್ಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿದರು. ಮೇಲೆ ನಿಂತು ಹಡಗಿನ ಹಲಗೆಯನ್ನು ಕಾಲಿಂದ ಒಮ್ಮೆ ಗಟ್ಟಿಯಾಗಿ ತುಳಿದರು. ಅವರೂ ಅಳಲಿಲ್ಲ, ನಾನೂ ಅಳಲಿಲ್ಲ.

ಈಗ ಸರಕಿನ ಹಡಗು ದೂರದ ಸೋಹಾರ್ ಬಂದರಿಗೆ ಹೋಗುತ್ತದೆ. ಮತ್ರಾಕ್ಕೆ ಬರುವುದು ಊರು ನೋಡುವವರ ಹಡಗು. ನಮ್ಮ ಮನೆಯಿದ್ದಲ್ಲಿ ಕಾರು ನಿಲ್ಲಿಸುತ್ತಾರೆ. ಅಜ್ಜಿ ಅಜ್ಜನ ಪಕ್ಕದಲ್ಲೇ ಇದ್ದಾರೆ.

ಅಂದು ಅವರು ಹಡಗು ಹತ್ತಿ ಹೋದ ಮರುದಿನ ಬೆಳಗ್ಗೆ ನಾನು ಎದ್ದು, ಅವರ ಕಲ್ಲಿನಲ್ಲಿ ಅಕ್ಕಿ ಅರೆದು, ಬಾಪನಿಗೆ ರೊಟ್ಟಿ ಸುಟ್ಟೆ. ಮೊದಲನೆಯದು ಕರಟಿತು. ಬಾಪ ಅದನ್ನೇ ತಿಂದು ಅಂಗಡಿ ತೆರೆದರು.