ಹೇಳದೆ ಉಳಿದ ಹಳದಿ

ಶಾಲೆಗೆ ಹೊರಡುವ ಮುನ್ನ ಹನ್ನೆರಡು ಸೂಜಿಗಳಿಗೆ ದಾರ ಪೋಣಿಸಿ, ಹಳೆಯ ದಿಂಬೊಂದಕ್ಕೆ ಸಾಲಾಗಿ ಚುಚ್ಚಿಟ್ಟು ಹೋಗುವುದು ನನ್ನ ಪಾಲಿನ ಬೆಳಗಿನ ಪೂಜೆ. ನಿಮ್ಮಲ್ಲಿ ಊದಿನಕಡ್ಡಿ ಹಚ್ಚುತ್ತೀರೇನೋ, ಕೊಟ್ಟೂರಿನ ನಮ್ಮ ಮನೆಯಲ್ಲಿ ಇದು. ಸೂಜಿಗಳು ಚಿಗವ್ವನವು. ಅವ್ವನ ತಂಗಿ ಅವಳು. ಅವ್ವ ಹೋದ ಮೇಲೆ ನನ್ನನ್ನು ಸಾಕಿ, ಓದಿಸಿ, ಟೀಚರ್ ಮಾಡಿದವಳು. ಹರಿದ ಸೀರೆ, ಸವೆದ ಧೋತರ, ಬಣ್ಣಗೆಟ್ಟ ಲಂಗಗಳನ್ನೆಲ್ಲ ಒಂದರ ಮೇಲೊಂದು ಹಾಸಿ, ಇರುವೆ ಸಾಲಿನಂಥ ಸಣ್ಣ ಹೊಲಿಗೆಯಲ್ಲಿ ಅವಳು ಕೌದಿ ಹೊಲಿದಳೆಂದರೆ ಕೂಡ್ಲಿಗಿಯಿಂದ ಹಡಗಲಿಯವರೆಗಿನ ಬಾಣಂತಿಯರ ಮನೆಗಳಿಂದ ಹೇಳಿಕಳಿಸುತ್ತಿದ್ದರು. ಆಗ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಒಂದೇ ಸಲಕ್ಕೆ ತಾನೇ ಪೋಣಿಸಿಕೊಳ್ಳುತ್ತಿದ್ದಳು. ಈಗ ನಾನು ಪೋಣಿಸುತ್ತೇನೆ, ಪೋಣಿಸುವಾಗಲೆಲ್ಲ ನನಗೆ ಮೈಯೆಲ್ಲ ಉರಿಯುವಂಥ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದಿರಾದರೆ ತುಸು ಕೂತು ಕೇಳಬೇಕಾದೀತು.

ಚಿಗವ್ವನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷ ಆಗಿತ್ತು. ಒಂದು ದಿನ ಕೌದಿ ಪಕ್ಕಕ್ಕಿಟ್ಟು, "ಕಣ್ಣ ಮುಂದ ಜೇಡನ ಬಲಿ ಜೋತುಬಿದ್ದಂಗ ಆಗೈತಿ ಯವ್ವಾ, ಎಷ್ಟು ಒರೆಸಿಕೊಂಡ್ರೂ ಹೋಗವಲ್ದು" ಎಂದಳು. ಊರಿನ ಡಾಕ್ಟರು ನೋಡಿ, ಇದು ಕನ್ನಡಕದಿಂದ ಹೋಗುವಂಥದಲ್ಲ ಎಂದು ಶಹರದ ದೊಡ್ಡ ಕಣ್ಣಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಮುಂಜಾನೆಯ ಬಸ್ಸಿಗೆ ಹೋದೆವು. ಪಾಪೆ ಹಿಗ್ಗಿಸುವ ಹನಿ ಹಾಕಿ, ಅವಳ ಕೈಹಿಡಿದು ಒಂದು ಕತ್ತಲೆ ಕೋಣೆಗೆ ಕರೆದೊಯ್ದರು. ನಾನೂ ಹೆಜ್ಜೆ ಎತ್ತಿಟ್ಟರೆ, "ಜೊತಿಗಿದ್ದವರು ಹೊರಗ!" ಎಂದು ಬಾಗಿಲು ಹಾಕಿದರು. ಅರ್ಧ ಗಂಟೆಯ ಮೇಲೆ ಚಿಗವ್ವ ತೋಳಿಗೆ ಹತ್ತಿ ಒತ್ತಿಕೊಂಡು ಹೊರಬಂದಳು. "ಗುರುವಾರ ಬರ್ರಿ, ಫಿಲಂ ತೊಳೆದಿರ್ತಾರ" ಎಂದಳು ನರ್ಸ್. ನಮಗೆ ಅಂದು ಸಿಕ್ಕ ವಿವರಣೆ ಇಷ್ಟೇ.

ಒಳಗೆ ನಡೆದದ್ದೇನೆಂದು ನನಗೆ ತಿಳಿದದ್ದು ಆಮೇಲೆ. ತೋಳಿನ ನರಕ್ಕೆ ಒಂದು ಹಳದಿ ಬಣ್ಣ ಚುಚ್ಚುತ್ತಾರೆ. ಅದು ಹತ್ತು ಹದಿನೈದು ಎಣಿಸುವುದರೊಳಗೆ ಎದೆ ಹಾಯ್ದು ಕಣ್ಣಿನ ಹಿಂದಿನ ಪರದೆಯ ಕೂದಲೆಳೆಯಂಥ ರಕ್ತನಾಳಗಳನ್ನು ಮುಟ್ಟುತ್ತದೆ. ನೀಲಿ ಬೆಳಕು ಬಿಟ್ಟರೆ ಅಲ್ಲಿ ಮಿನುಗುತ್ತದೆ. ಮಿನುಗಿದ್ದನ್ನು ಕ್ಯಾಮೆರಾ ಪಟಪಟನೆ ಹಿಡಿಯುತ್ತದೆ. ರಕ್ತ ಎಲ್ಲಿ ಹರಿಯುತ್ತಿದೆ, ಎಲ್ಲಿ ಸೋರುತ್ತಿದೆ, ಎಲ್ಲಿ ನಿಂತೇಹೋಗಿದೆ ಎಲ್ಲವೂ ಫಿಲಮ್ಮಿನ ಮೇಲೆ! ಎಂಥ ಅದ್ಭುತ ವಿದ್ಯೆ! ಮುಚ್ಚಿದ ಕತ್ತಲೆಯ ಆಳಕ್ಕಿಳಿದು ಹರಿವ ನೆತ್ತರನ್ನೇ ಕಂಡುಬಂದ ಮಹನೀಯರಿಗೆ, ಎದುರಿಗೆ ಕೂತ ಹೆಂಗಸಿನ ಮುಖ ಮಾತ್ರ ಕಾಣಲಿಲ್ಲವಲ್ಲ!

ಏಕೆಂದರೆ ಆ ಬಣ್ಣ ಕಣ್ಣಿನಲ್ಲಷ್ಟೇ ನಿಲ್ಲುವುದಿಲ್ಲ. ಊರು ಮುಟ್ಟಿ ಕೈಕಾಲು ತೊಳೆಯುವ ಹೊತ್ತಿಗೆ ಚಿಗವ್ವನ ಮೈ ಹಳದಿ ತಿರುಗಿತ್ತು. ಬಚ್ಚಲಿಗೆ ಹೋಗಿಬಂದವಳು ಬೆದರಿ ನಿಂತಳು: "ಉಚ್ಚಿ ಅರಿಷಿಣದ ನೀರಾಗೈತಲ್ಲೇ!" ಪಕ್ಕದ ಮನೆಯ ಬಸಮ್ಮಕ್ಕ ಅವಳ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, "ಕಾಮಾಲಿ! ಹಗುರಾಗಿ ತಗೋಬ್ಯಾಡ್ರಿ, ಮುಂಜಾನೆದ್ದು ಮದ್ದಿಗೆ ಚಿಗಟೇರಿಗೆ ನಡೀರಿ" ಎಂದಳು. ನಾವು ಹೋದೆವು. ಸೂಜಿಯಲ್ಲಿದ್ದದ್ದು ಹಳದಿ ಎಂದು ಚಿಗವ್ವನ ಹಿಗ್ಗಿದ ಕಣ್ಣಿಗೆ ಕಂಡಿರಲಿಲ್ಲ, ಹೊರಗೆ ನಿಂತ ನನಗೆ ಅದರ ಸುದ್ದಿಯೇ ಇರಲಿಲ್ಲ. ಆದರೂ ಮಕ್ಕಳಿಗೆ ವಿಜ್ಞಾನ ಕಲಿಸುವವಳಲ್ಲವೇ ನಾನು, ಒಂದು ಸಲವಾದರೂ ಅನುಮಾನ ಬರಬೇಡವೇ? ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೂ ಇದೆ, ಮುಚ್ಚಿಡುವುದಿಲ್ಲ.

ಚಿಗಟೇರಿಯಲ್ಲಿ ಕಾಮಾಲೆಗೆ ಮದ್ದು ಕೊಡುತ್ತಿದ್ದ ಮುದುಕಿ ಚಿಗವ್ವನನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ಕೈ ಹಿಡಿದು ಊಟ, ನಿದ್ದೆ, ಹೊಟ್ಟೆ ಎಲ್ಲ ವಿಚಾರಿಸಿದಳು. ಎಲೆಯ ರಸವನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಸಿ, "ಇವತ್ತ ಸ್ವಲ್ಪ ಹೊಟ್ಟಿ ತೊಳಸ್ತೈತಿ, ಅಂಜಬ್ಯಾಡ. ಇಪ್ಪತ್ತೊಂದು ದಿನ ಎಣ್ಣಿ ಮುಟ್ಟಬ್ಯಾಡ, ಊರ ಸೀಮಿ ದಾಟಬ್ಯಾಡ" ಎಂದಳು. ಬಣ್ಣ ತಾನಾಗಿಯೇ ಮೈಯಿಂದ ಇಳಿದುಹೋಗುವ ಹೊತ್ತದು. ಸಂಜೆಗೆ ಹಳದಿ ಮಾಯ! ಓಣಿಯವರೆಲ್ಲ ಬಂದು ನೋಡಿ ಮುದುಕಿಯ ಕೈಗುಣ ಹೊಗಳಿದ್ದೇ ಹೊಗಳಿದ್ದು. ಇಷ್ಟು ಫಲ ಕೊಟ್ಟ ಮದ್ದಿನ ಪಥ್ಯ ಮುರಿಯುವುದುಂಟೇ? ಗುರುವಾರ ಬಂತು, ಹೋಯಿತು. "ಫೋಟೋ ಎಲ್ಲಿ ಓಡಿಹೋಗ್ತೈತಿ, ಪಥ್ಯ ಮುಗಿಲಿ" ಎಂದಳು ಚಿಗವ್ವ, ನಾನೂ ಹೂಂಗುಟ್ಟಿದೆ. ನಮ್ಮ ವಿಳಾಸ ಬರೆದುಕೊಂಡಿದ್ದ ಆಸ್ಪತ್ರೆಯಿಂದ ಒಂದು ಅಂಚೆ ಕಾರ್ಡೂ ಬರಲಿಲ್ಲ.

ಹದಿನೆಂಟನೆಯ ದಿನ ಬೆಳಿಗ್ಗೆ ಹೊಲಿಗೆ ಹಾಕುತ್ತಿದ್ದವಳು, "ಎಡಗಣ್ಣಿನ್ಯಾಗ ಕೆಂಪನ್ನ ಹೊಗಿ ಏಳಾಕತ್ತೈತಿ" ಎಂದಳು. ಬಸ್ಸು ಶಹರ ಮುಟ್ಟುವಷ್ಟರಲ್ಲಿ ಆ ಕಣ್ಣು ಕತ್ತಲಾಗಿತ್ತು.

ಕಣ್ಣಿನ ಆಸ್ಪತ್ರೆಯ ಡಾಕ್ಟರು ನಮ್ಮನ್ನು ಕಂಡಕೂಡಲೇ ಸಿಡಿದರು. "ಮೂರು ವಾರ ಎಲ್ಲಿಗೆ ಹೋಗಿದ್ರಿ? ಗುರುವಾರ ಬಂದಿದ್ರೆ ಲೇಸರ್ ಬೆಳಕಿನಿಂದ ರಕ್ತನಾಳ ಸುಟ್ಟು ಆ ಕಣ್ಣು ಉಳಿಸಬಹುದಿತ್ತು!" ನಾನು ಕಾಮಾಲೆಯ ಕಥೆ ಹೇಳಿದೆ. ಅವರು ನಕ್ಕರು. ನಕ್ಕರು, ನೋಡಿ! "ಬಣ್ಣ ಕೊಟ್ಟ ಮೇಲೆ ಒಂದು ದಿನ ಮೈ ಹಳದಿ ಆಗೇ ಆಗುತ್ತಮ್ಮ, ಅದು ಎಲ್ಲರಿಗೂ ಗೊತ್ತಿರೋದೇ."

"ಯಾರಿಗೆ ಗೊತ್ತಿತ್ತು ಸಾರ್?" ನನ್ನ ದನಿ ನನಗೇ ಅಪರಿಚಿತವಾಗುವಷ್ಟು ಏರಿತ್ತು. "ನಿಮಗ ಗೊತ್ತಿತ್ತು. ನರ್ಸಿಗೆ ಗೊತ್ತಿತ್ತು. ಬಣ್ಣ ಯಾರ ಮೈಯಾಗ ಹರೀತೋ ಆಕಿಗೆ ಯಾಕ ಹೇಳಲಿಲ್ಲ?"

"ಹೇಳಿದ್ರೆ ಇವರಿಗೆ ಅರ್ಥ ಆಗುತ್ತೇನಮ್ಮ?"

ಚಿಗವ್ವ ಕೈ ಚಾಚಿದಳು. "ನನ್ನ ಕಣ್ಣಿನ ಫೋಟೋ ಕೊಡ್ರಿ ಇಲ್ಲೆ." ಉಳಿದ ಕಣ್ಣಿನ ಹತ್ತಿರಕ್ಕೆ ತಂದುಕೊಂಡು ಬಹಳ ಹೊತ್ತು ನೋಡಿದಳು. ಕಪ್ಪು ನೆಲದ ಮೇಲೆ ಬಿಳಿಯ ಗೆರೆಗಳು ಕವಲೊಡೆದು ಹರಡಿದ್ದವು, ಅಲ್ಲಲ್ಲಿ ಹಿಟ್ಟು ಚೆಲ್ಲಿದಂತೆ ಬೆಳ್ಳಗಿತ್ತು. "ಇವು ನೆತ್ತರ ಹರಿಯೋ ದಾರಿ, ಹೌದಿಲ್ರಿ? ಇಲ್ಲೆಲ್ಲಾ ಹೊಲಿಗಿ ಬಿಚ್ಚಿ ಸೋರಾಕತ್ತೈತಿ. ನೀವು ಬೆಳಕಿಲೆ ಸುಟ್ಟು ತ್ಯಾಪಿ ಹಾಕವರಿದ್ರಿ." ಫೋಟೋ ಮೇಜಿನ ಮೇಲಿಟ್ಟಳು. "ಇಷ್ಟ ಅಲ್ರೀ ಇದು? ಇದರಾಗ ನನಗ ತಿಳೀದಂಥದ್ದು ಏನೈತಿ?"

ಡಾಕ್ಟರು ಫೋಟೋ ಎತ್ತಿಕೊಂಡು ನರ್ಸನ್ನು ಕರೆದರು. ಅಂದೇ ಬಲಗಣ್ಣಿಗೆ ಲೇಸರ್ ಹಾಕಿದರು, ಅದಿಷ್ಟು ಉಳಿಯಿತು, ಹೊಲಿಯಲು ಸಾಕು, ದಾರ ಪೋಣಿಸಲು ಸಾಲದು. ಉಪಕಾರ ಮರೆಯುವವಳಲ್ಲ ನಾನು. ಆದರೆ ತಪ್ಪು ಮದ್ದು ಕೊಟ್ಟ ಮುದುಕಿಗೆ ಹೊಟ್ಟೆ ತೊಳಸುತ್ತದೆಂದು ಮುಂಚೆಯೇ ಹೇಳುವ ಮನುಷ್ಯತ್ವವಿತ್ತು, ಸರಿಯಾದ ವಿದ್ಯೆ ಬಲ್ಲವರಿಗೆ ಅದಿರಲಿಲ್ಲ ಎಂಬುದನ್ನು ಹೇಗೆ ನುಂಗಿಕೊಳ್ಳಲಿ, ನೀವೇ ಹೇಳಿ.

ಈಗ ಆರು ತಿಂಗಳಿಗೊಮ್ಮೆ ತೋರಿಸಲು ಹೋಗುತ್ತೇವೆ. ಚಿಗವ್ವ ಆ ಕತ್ತಲೆ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು, ಸರದಿ ಕಾಯುವ ಒಬ್ಬೊಬ್ಬರನ್ನೂ ಕರೆದು ಹೇಳುತ್ತಾಳೆ: "ಇವತ್ತು ಮೈ ಹಳದಿ ಆಗ್ತೈತಿ, ನಾಳಿಗೆ ಹೋಗ್ತೈತಿ. ಕಾಮಾಲಿ ಅಲ್ಲ, ಅಂಜಬ್ಯಾಡ್ರಿ." ನರ್ಸ್ ಒಮ್ಮೆ ಗದರಿದಳು, ಚಿಗವ್ವ ಕಿವಿಗೆ ಹಾಕಿಕೊಳ್ಳಲಿಲ್ಲ.

ಇಂದು ಬೆಳಿಗ್ಗೆ ದಾರ ಪೋಣಿಸುತ್ತ ಅದೇ ಮಾತನ್ನು, ಹೇಳಲು ಎಷ್ಟು ಹೊತ್ತು ಬೇಕೆಂದು, ನಾನೂ ಮೆಲ್ಲಗೆ ಹೇಳಿ ನೋಡಿದೆ. ಇವತ್ತು ಮೈ ಹಳದಿ ಆಗ್ತೈತಿ, ನಾಳಿಗೆ ಹೋಗ್ತೈತಿ, ಅಂಜಬ್ಯಾಡ್ರಿ. ಮಾತು ಮುಗಿದಿತ್ತು, ಮೊದಲ ಸೂಜಿಗೆ ದಾರ ಇನ್ನೂ ಪೋಣಿಸಿ ಆಗಿರಲಿಲ್ಲ.