ಚರ್ಮದ ಹಿಂದಿನ ಅಂಗೈ

ಲಿಫ್ಟಿನ ಬಾಗಿಲಿಗೆ ಎಡ ಅಂಗೈ ಒತ್ತಿ ನಿಲ್ಲುವುದು ಅವರ ಅಭ್ಯಾಸ. ಬಲಗೈಯಲ್ಲಿ ಹಾಲಿನ ಚೀಲ. ಎಡಗೈ ಮಾತ್ರ ಮಗುವಿನ ಜ್ವರ ನೋಡುವವರ ಹಾಗೆ ಸ್ಟೀಲಿನ ಮೇಲೆ. ಹೆಬ್ಬೆರಳಿನ ಬುಡದಲ್ಲಿ ಡ್ರಮ್ಮಿನ ಕೋಲು ಹಿಡಿದು ಹಿಡಿದು ಬಿದ್ದ ಜಡ್ಡು. "ಬಂತು" ಎಂದು ಅವರು ಕೈ ತೆಗೆದ ಮೇಲೆಯೇ ಲಿಫ್ಟ್ ಬಂದು ನಿಲ್ಲುತ್ತಿತ್ತು.

ದೆಹಲಿ ಪಕ್ಕದ ಇಂದಿರಾಪುರಂನ ಈ ಅಪಾರ್ಟ್‌ಮೆಂಟ್ ಸೊಸೈಟಿಗೆ ನಾನು ಬಾಡಿಗೆಗೆ ಬಂದ ಹೊಸದರಲ್ಲಿ, ನಿವೃತ್ತರಿಗೆ ಇರುವ ಸಣ್ಣಪುಟ್ಟ ತಿಕ್ಕಲುಗಳಲ್ಲಿ ಇದೂ ಒಂದು ಎಂದುಕೊಂಡಿದ್ದೆ. ನಾನು ಆರನೇ ಮಹಡಿ, ಅವರು ಐದನೇದು. ಕೊಡಗಿನವರು, ಸೇನೆಯ ಪೈಪ್ ಬ್ಯಾಂಡಿನಲ್ಲಿ ವರ್ಷಾನುಗಟ್ಟಲೆ ಡ್ರಮ್ ಬಾರಿಸಿ ಸುಬೇದಾರರಾಗಿ ನಿವೃತ್ತರಾದವರು. ಗೇಟಿನ ಕಾವಲುಗಾರನಿಗೂ ತರಕಾರಿ ಭಯ್ಯಾನಿಗೂ ಅವರು ಸುಬೇದಾರ್ ಸಾಬ್, ನನಗೆ ಸುಬೇದಾರ್ ಅಂಕಲ್.

ಅವರ ಜೊತೆ ಮಾತಾಡುವುದು ಮಾತ್ರ ಕಷ್ಟವಿತ್ತು, ಏಕೆಂದರೆ ನಡುವೆ ಅವರ ಹೆಂಡತಿ, ಆಂಟಿ, ಇರುತ್ತಿದ್ದರು. "ಹೇಗಿದ್ದೀರಿ ಅಂಕಲ್?" ಎಂದರೆ "ಚೆನ್ನಾಗಿದ್ದಾರಮ್ಮ, ಬೆಳಿಗ್ಗೆ ಎರಡು ಸುತ್ತು ವಾಕಿಂಗ್ ಆಯ್ತು" ಎಂದು ಆಂಟಿಯ ಉತ್ತರ. ಯಾರು ಏನೇ ಕೇಳಲಿ, ಆಂಟಿಯೇ ಮುಂದೆ. "ಪಾಪ, ಗಂಡನಿಗೆ ಬಾಯಿ ತೆಗೆಯೋಕೇ ಬಿಡಲ್ಲ" ಎಂದು ಕನ್ನಡದವರೆಲ್ಲ ಆಡಿಕೊಳ್ಳುತ್ತಿದ್ದರು. ನಾನೂ ಆಡಿಕೊಂಡವಳೇ.

ಭಾನುವಾರ ಬೆಳಿಗ್ಗೆ ಮಾತ್ರ ಅಂಕಲ್ ಒಬ್ಬರೇ ಸಿಗುತ್ತಿದ್ದರು. ನಮ್ಮ ಕನ್ನಡ ಸಂಘದ ಮಕ್ಕಳಿಗೆ ರಾಜ್ಯೋತ್ಸವದ ಮೆರವಣಿಗೆಗಾಗಿ ಡ್ರಮ್ ಕಲಿಸುತ್ತಿದ್ದರು. ಕನ್ನಡದಲ್ಲಿ ಹತ್ತರವರೆಗೆ ಎಣಿಸಲು ತಡವರಿಸುವ ಮಕ್ಕಳು, ಅಂಕಲ್ ಎದುರು "ಒಂದ್, ಎರಡ್, ಮೂರ್, ನಾಲ್ಕ್" ಎಂದು ಉದ್ದನೆಯ ಮರದ ಬೆಂಚಿನ ಮೇಲೆ ಕೋಲಿನಿಂದ ಬಡಿಯುತ್ತಿದ್ದವು. ಅಂಕಲ್ ಬೆಂಚಿನ ತುದಿಯಲ್ಲಿ ಅಂಗೈ ಊರಿ ಕೂರುತ್ತಿದ್ದರು. ಯಾವ ಮಗು ಅವಸರ ಮಾಡಿದರೂ "ಓಡ್ತಿದ್ದೀಯ! ಯಾವ ರೈಲು ತಪ್ಪತ್ತೆ ನಿಂಗೆ?" ವಾರವಿಡೀ ಆಂಟಿಯ ಹಿಂದೆ ನಡೆಯುತ್ತಿದ್ದ ಆ ಮನುಷ್ಯ, ಭಾನುವಾರದ ಆ ಎರಡು ಗಂಟೆ ನೆಟ್ಟಗೆ ಇರುತ್ತಿದ್ದರು.

ನನಗೆ ಅವರ ಹತ್ತಿರ ಕೆಲಸ ಬಿದ್ದದ್ದು ಬೌರಾನ್ ಎಂಬ ವಾದ್ಯದ ದೆಸೆಯಿಂದ. ಆಫೀಸಿನ ಇಬ್ಬರು ಗೆಳೆಯರು ಶನಿವಾರ ಕೂತು ಕೊಳಲು, ಗಿಟಾರಿನಲ್ಲಿ ಐರ್ಲೆಂಡಿನ ಕುಣಿತದ ಧಾಟಿಗಳನ್ನು ನುಡಿಸುತ್ತಿದ್ದರು. ಬೌರಾನ್ ಅಲ್ಲಿಯದೇ ವಾದ್ಯ, ನಮ್ಮ ತಮಟೆಯ ದೂರದ ನೆಂಟ: ದುಂಡನೆಯ ಮರದ ಚೌಕಟ್ಟು, ಒಂದೇ ಕಡೆ ಆಡಿನ ಚರ್ಮ. ಬಲಗೈಯಲ್ಲಿ ಗಿಡ್ಡ ಕೋಲು. ಎಡಗೈ ಹಿಂದಿನಿಂದ ಚರ್ಮವನ್ನು ಒತ್ತಿ ನಾದವನ್ನು ಏರಿಸಿ ಇಳಿಸಬೇಕು. ಯಾವುದನ್ನು ಕೊಳ್ಳಬೇಕೆಂದು ಮೂರು ವಾರ ಇಂಟರ್‌ನೆಟ್ಟಿನಲ್ಲಿ ಓದಿ ತಲೆ ಚಿಟ್ಟು ಹಿಡಿದಿತ್ತು. ಹಳೇ ದೆಹಲಿಯ ಅಂಗಡಿಯೊಂದರಲ್ಲಿ ಮೂರು ಇವೆ ಎಂದು ತಿಳಿದಾಗ ಅಂಕಲ್‌ರನ್ನು ಕರೆದೆ.

"ಇದನ್ನ ನಾನು ಕಂಡೇ ಇಲ್ಲ ಬೇಟಾ," ಎಂದರು. "ಆದ್ರೆ ಚರ್ಮ ಗೊತ್ತು. ಚಲೋ, ಹೋಗೋಣ."

ನನ್ನ ಕಣ್ಣು ಬಿದ್ದದ್ದು ಹಸಿರು ಬಳ್ಳಿಯ ಚಿತ್ರ ಬರೆದಿದ್ದ ವಾದ್ಯದ ಮೇಲೆ. ಅಂಕಲ್ ಅದನ್ನು ಮಗುಚಿ, ಬಣ್ಣ ಕುಡಿದು ಬಿರುಸಾದ ಚರ್ಮವನ್ನು ಒತ್ತಿ ನೋಡಿ, "ಗೋಡೆಗೆ ಚೆನ್ನಾಗಿರತ್ತೆ" ಎಂದರು. ಎರಡನೆಯದು ಹದಿನೆಂಟು ಇಂಚು, ಹಿಂದೆ ಅಡ್ಡಪಟ್ಟಿ. "ಕೈ ಎಲ್ಲಿಡ್ತೀಯ? ನಿನ್ನ ತೋಳಿಗೂ ಇದು ದೊಡ್ಡದಾಯ್ತು." ಮೂರನೆಯದು ಹದಿನಾಲ್ಕು ಇಂಚು. ಬಣ್ಣವಿಲ್ಲ, ಒಳಗೆ ಸುತ್ತಲೂ ಚರ್ಮ ಬಿಗಿಯುವ ಸ್ಕ್ರೂಗಳು. "ಇದಿರಲಿ. ಮೇ ತಿಂಗಳಲ್ಲಿ ಸಡಿಲ ಮಾಡು, ಮಳೆಗಾಲದಲ್ಲಿ ಬಿಗಿ ಮಾಡು. ಇಲ್ಲದಿದ್ರೆ ಈ ದೆಹಲಿಯಲ್ಲಿ ಚರ್ಮ ಉಳಿಯತ್ತಾ?" ಎಂದು ಅದರ ಹಿಂದೆ ಎಡ ಅಂಗೈ ಇಟ್ಟು ನಿಂತರು.

ಅಂಗಡಿಯವನು ಅವರ ಬೆನ್ನ ಹಿಂದಿನಿಂದ "ಅಂಕಲ್‌ಜೀ, ಚಾಯ್ ಲೇಂಗೆ?" ಎಂದು ಮೂರು ಸಲ ಕೇಳಿದ. ಅಂಕಲ್ ತಿರುಗಲಿಲ್ಲ. ಅಷ್ಟರಲ್ಲಿ ಅವನ ಕೈ ತಗುಲಿ ದೊಡ್ಡದೊಂದು ಹಿತ್ತಾಳೆ ತಾಳ ನೆಲಕ್ಕೆ ಬಿತ್ತು. ನಾನು ಹೌಹಾರಿದೆ. ಅಂಕಲ್ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಮೊದಲು ಚರ್ಮದ ಮೇಲಿದ್ದ ತಮ್ಮ ಅಂಗೈ ನೋಡಿಕೊಂಡರು, ಆಮೇಲೆ ತಿರುಗಿ, "ಏನು ಬಿತ್ತು?" ಎಂದರು.

ನಾನು ತಾಳವನ್ನು ತೋರಿಸಿದೆ. ನನಗೆ ತಿಳಿಯಿತು, ನನಗೆ ತಿಳಿದದ್ದು ಅವರಿಗೂ ತಿಳಿಯಿತು.

"ಇದನ್ನೇ ತಗೋ," ಎಂದು ವಾದ್ಯವನ್ನು ನನ್ನ ಕೈಗಿತ್ತರು. "ಇದು ಕೇಳಿಸ್ಕೊಳ್ಳತ್ತೆ."

ಮೆಟ್ರೋದಲ್ಲಿ ನನ್ನ ಮುಖ ಕಾಣುವ ಹಾಗೆ ಎದುರು ನಿಂತು ತಾವೇ ಹೇಳಿದರು. ಫೈರಿಂಗ್ ರೇಂಜು, ಬ್ಯಾಂಡು, ಎರಡೂ ಸೇರಿ ಕಿವಿ ತಿಂದಿದ್ದವು. "ಕನ್ನಡ ತುಟಿ ನೋಡಿದ್ರೆ ಗೊತ್ತಾಗತ್ತೆ. ಈ ಹಿಂದಿಯವರದ್ದು ಮೀಸೆಯೊಳಗೆ ಹೋಗಿಬಿಡತ್ತೆ." ಕಿವಿಗೆ ಹಾಕುವ ಯಂತ್ರ ಬೀರುವಿನಲ್ಲಿತ್ತು. ಅದನ್ನು ಹಾಕಿಕೊಂಡರೆ ಸಂಘದವರಿಗೆ ಗೊತ್ತಾಗುತ್ತದೆ. "ಗೊತ್ತಾದ್ರೆ ಶಾಲು ಹೊದಿಸಿ ಕೂರಿಸಿಬಿಡ್ತಾರೆ ಬೇಟಾ. ಭಾನುವಾರ ನಂಗೆ ಬೇಕು. ನೀನು ಹೇಳ್ಬೇಡ."

ಹೇಳುವುದಿಲ್ಲ ಎಂದೆ. ಆಂಟಿ ಯಾಕೆ ಎಲ್ಲರಿಗಿಂತ ಮೊದಲು ಉತ್ತರ ಕೊಡುತ್ತಾರೆ ಎಂದು ಆಗ ಅರ್ಥವಾಗಿ, ನಾನು ಆಡಿಕೊಂಡದ್ದೆಲ್ಲ ನೆನಪಾಗಿ, ನಾಚಿಕೆಯಾಯಿತು.

ಅಂದಿನಿಂದ ವಾರಕ್ಕೆರಡು ಸಂಜೆ ಅವರ ಮನೆಯಲ್ಲಿ ಅಭ್ಯಾಸ. ಅವರು ಚೌಕಟ್ಟಿನ ಅಂಚಿಗೆ ಬೆರಳಿಟ್ಟು ಕೂರುತ್ತಿದ್ದರು. "ಬಲಗೈ ಬಾರಿಸಲಿ, ನೀನು ಎಡಗೈ ಕಡೆ ಇರು" ಎನ್ನುತ್ತಿದ್ದರು. ನನ್ನ ಅವಸರದ ಸ್ವಭಾವ ಆಫೀಸಿನವರಿಗೂ ಗೊತ್ತು. ನಾಲ್ಕು ಪೆಟ್ಟು ಬೀಳುವುದರೊಳಗೆ "ಓಡ್ತಿದ್ದೀಯ" ಬರುತ್ತಿತ್ತು. ಸೆಖೆಗಾಲದಲ್ಲಿ ಒಂದು ಮಹಡಿ ಹತ್ತಿ ಬಂದು "ಸ್ಕ್ರೂ ಸಡಿಲ ಮಾಡಿದ್ಯಾ?" ಎಂದು ಕೇಳಿ, ನನ್ನ ತುಟಿ ನೋಡಿ, ತಲೆಯಾಡಿಸಿ ಇಳಿದುಹೋಗುತ್ತಿದ್ದರು. ಕೊನೆಕೊನೆಗೆ ಶನಿವಾರದ ಗೆಳೆಯರು ನನ್ನನ್ನು ನಂಬಿ ನುಡಿಸತೊಡಗಿದರು.

ಹೀಗೆ ಮೂರು ರಾಜ್ಯೋತ್ಸವ ಕಳೆದವು. ಮೂರಕ್ಕೂ ಮಕ್ಕಳ ಮುಂದೆ ಅವರೇ ನಡೆದರು. ಕಳೆದ ಚಳಿಗಾಲ ಅವರ ಎದೆಗೆ ನಂಜಾಗಿ, ಮನೆಗೂ ಆಸ್ಪತ್ರೆಗೂ ಓಡಾಟವಾಯಿತು. ಕೊನೆಯ ಸಲ ನಾನು ಅವರ ಮನೆಗೆ ಹೋದಾಗ ಮಾತಾಡುವ ಶಕ್ತಿ ಇರಲಿಲ್ಲ. ಕೈಸನ್ನೆ ಮಾಡಿ ಬೌರಾನ್ ತರಿಸಿದರು. ನಾನು ಕೋಲು ಹಿಡಿದೆ. ಚರ್ಮದ ಹಿಂದೆ ಅವರ ಎಡ ಅಂಗೈ ಇತ್ತು. ಒತ್ತಿದಾಗ ನಾದ ಏರಿತು, ಬಿಟ್ಟಾಗ ಇಳಿಯಿತು. ನಾನು ಬಾರಿಸುತ್ತಿದ್ದೆ, ನುಡಿಸಿದವರು ಅವರು. ಮಂಚದ ಆ ಕಡೆ ಆಂಟಿ ಔಷಧಿಯ ಚೀಟಿ ಹಿಡಿದು ನಿಂತಿದ್ದರು. ನಾಲ್ಕು ದಿನದ ನಂತರ ಅಂಕಲ್ ಹೋದರು.

ಸಂಘದ ಶ್ರದ್ಧಾಂಜಲಿ ಸಭೆಯಲ್ಲಿ ಕಾರ್ಯದರ್ಶಿಗಳು ಗದ್ಗದಿತರಾಗಿ, "ಎಂಥಾ ಕಿವಿ ಅವರದು! ಒಂದು ಪೆಟ್ಟು ತಪ್ಪಿದರೂ ಬಿಡುತ್ತಿರಲಿಲ್ಲ" ಎಂದರು. ನಾನು ಆಂಟಿಯ ಕಡೆ ನೋಡಿದೆ. ಯಾವಾಗಲೂ ಎಲ್ಲರಿಗಿಂತ ಮೊದಲು ಮಾತಾಡುತ್ತಿದ್ದ ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಅಳುತ್ತಿದ್ದಾರೆ ಎಂದು ಪಕ್ಕದವರು ಸಮಾಧಾನ ಮಾಡಿದರು. ಅವರು ನಗುತ್ತಿದ್ದರು, ಅಳುತ್ತಲೂ ಇದ್ದರು.

ಇದನ್ನೆಲ್ಲ ಬರೆಯಲೇ ಎಂದು ಮೊನ್ನೆ ಕೆಳಗಿಳಿದು ಆಂಟಿಯನ್ನೇ ಕೇಳಿದೆ. ಕೊಟ್ಟ ಮಾತು ಅಂಕಲ್‌ಗೆ, ಅದರಿಂದ ನನ್ನನ್ನು ಬಿಡಿಸಬೇಕಾದವರು ಈಗ ಆಂಟಿ. ಅವರು ಟೀ ಸೋಸಿ ಲೋಟವನ್ನು ನನ್ನ ಮುಂದಿಟ್ಟರು.

"ಬರಿ ಮಗಳೇ," ಎಂದರು. "ಇನ್ನು ಅವರನ್ನ ಯಾರು ಶಾಲು ಹೊದಿಸಿ ಕೂರಿಸ್ತಾರೆ?"